ಮಂಗಳ ಗ್ರಹದ ಮೊದಲ ಅಗೇಲು

ಜುಲೈ 1, ಮಂಗಳವಾರ

ಇವತ್ತು ಬೆಳಿಗ್ಗೆ ಮಂಗಳ ಗ್ರಹ ತಲುಪಿದೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಬಸ್ಸು ಹತ್ತಿ, ಕುರ್ಲಾದಲ್ಲಿ ಇಳಿದು, ಮಳೆನೀರಿನಲ್ಲಿ ಪ್ಯಾಂಟು ಮಡಚಿಕೊಂಡು ನಡೆದು ತಲುಪಿದೆ. ಗ್ರಹ ಇರುವುದು ಒಂದು ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಎಡಕ್ಕೆ ರಬ್ಬರ್ ಚಪ್ಪಲಿ ಒತ್ತುವ ಕಾರ್ಖಾನೆ, ಬಲಕ್ಕೆ ಮದುವೆ ಅಡುಗೆಯವರ ಪಾತ್ರೆಗಳ ಗೋದಾಮು. ನಡುವಿನ ಶೆಡ್ಡಿನಲ್ಲಿ ನನ್ನ ಅಕ್ಕನ ಮಗ ಸಂದೀಪ ಪ್ಲೈವುಡ್ಡು, ಥರ್ಮಾಕೋಲು ಮತ್ತು ಬೆಳ್ಳಿಬಣ್ಣದ ಹಾಳೆಯಿಂದ ಮನುಕುಲದ ಭವಿಷ್ಯವನ್ನು ಕಟ್ಟಿ ನಿಲ್ಲಿಸಿದ್ದಾನೆ. ಕಂಪನಿಯ ಹೆಸರು ಮಾರ್ಸ್‌ಮೀನ್. ಶುಭಾರಂಭಕ್ಕೆ ಮಂಗಳವಾರವನ್ನೇ ಆರಿಸಿದ್ದಾನೆ. ಇಂಥ ಬುದ್ಧಿವಂತಿಕೆಗೆ ಇಂಗ್ಲಿಷ್ ಪತ್ರಿಕೆಯವರು ಅರ್ಧ ಪುಟ ಕೊಟ್ಟಿದ್ದಾರೆ.

ಯೋಜನೆ ಇಷ್ಟು. ಮುಂದೆ ಮನುಷ್ಯರು ಮಂಗಳಕ್ಕೆ ಹೋಗಿ ಸಂಸಾರ ಹೂಡುತ್ತಾರಂತೆ. ಅಲ್ಲಿ ಊಟಕ್ಕೆ ಮೀನು ಬೇಕಂತೆ. ಆದ್ದರಿಂದ ಅತಿ ಕಡಿಮೆ ನೀರಿನಲ್ಲಿ ಅತಿ ಹೆಚ್ಚು ಮೀನು ಸಾಕುವುದು ಹೇಗೆಂದು ಕುರ್ಲಾದಲ್ಲಿ ಕಂಡುಹಿಡಿಯಬೇಕಂತೆ. ಮೂವರು ಮನುಷ್ಯರು ಮೀನಿನ ಟ್ಯಾಂಕುಗಳ ಜೊತೆ ಈ ಡಬ್ಬಿಯೊಳಗೆ ಮೂವತ್ತು ದಿನ ಇರಬೇಕು. ಬಾಗಿಲು ಒಂದು ಸಲವೂ ತೆರೆಯಬಾರದು. ತೆರೆದರೆ ಪ್ರಯೋಗ ಬಿತ್ತು. ಕ್ಯಾಮೆರಾದಲ್ಲಿ ನೋಡುತ್ತಿರುವ ದುಬೈಯ ದೊಡ್ಡ ಮನುಷ್ಯರು ಎದ್ದು ಹೋಗುತ್ತಾರೆ, ಸಂದೀಪನ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು.

ನಾನೇಕೆ ಇಲ್ಲಿ? ಮೂರನೆಯವನಾಗಿ ಬರಬೇಕಾಗಿದ್ದ ಡಾಕ್ಟರು ನಿನ್ನೆ ಫೋನ್ ಬಂದ್ ಮಾಡಿ ಕೂತ. ಸಂದೀಪ ನನ್ನ ಮನೆಗೆ ಓಡಿಬಂದ. ನಮ್ಮ ಮೊಗವೀರರಲ್ಲಿ ಅಳಿಯ ಬಂದು ಕೇಳಿದರೆ ಸೋದರಮಾವ ಇಲ್ಲ ಅನ್ನುವ ಹಾಗಿಲ್ಲ. ಅವನು ಇಂಗ್ಲಿಷ್ ಪತ್ರಿಕೆಯಲ್ಲಿ ಬಂದವನಾದರೂ ಈ ಕಾನೂನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ.

"ಮಾಮ, ನೀವು ಎಂತದೂ ಮಾಡ್ಲಿಕ್ಕಿಲ್ಲ. ಮೀನಿಗೆ ತಿಂಡಿ ಹಾಕುದು, ರಿಪೋರ್ಟ್ ಬರೆಯುದು. ಅಜ್ಜಿ ಮೀನು ಮಾರಿದವಳು, ನೀವು ಸೈನ್ಸ್ ಟೀಚರ್. ಸ್ಟೋರಿ ಎಷ್ಟು ಚಂದ ಉಂಟು ನೋಡಿ!"

ಅಜ್ಜಿ ಅಂದರೆ ನನ್ನ ಅಮ್ಮ, ಅಪ್ಪಿ. ಕುರ್ಲಾ ಮಾರ್ಕೆಟ್ಟಿನಲ್ಲಿ ಕೂತು ಮೀನು ಮಾರಿ ನನ್ನನ್ನು ಬಿ.ಎಸ್ಸಿ. ಮಾಡಿಸಿದವಳು. ಹೋದ ದೀಪಾವಳಿ ಕಳೆದ ಮೇಲೆ ತೀರಿಕೊಂಡಳು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಈಗ ಅವಳ ಮೊಮ್ಮಗನಿಗೆ ನಾವಿಬ್ಬರೂ ಸ್ಟೋರಿ.

ದಿನದ ರಿಪೋರ್ಟು ಇಂಗ್ಲಿಷಿನಲ್ಲಿ. ಇದು ಕನ್ನಡದಲ್ಲಿ, ನನಗಾಗಿ. ಇಲ್ಲಿ ಬೈಯಬೇಕಾದ ವಿಷಯ ಬಹಳ ಇರುವ ಹಾಗೆ ಕಾಣುತ್ತದೆ.

ಜುಲೈ 3, ಗುರುವಾರ

ನನ್ನ ಸಹಯಾತ್ರಿಗಳ ಪರಿಚಯ ಮಾಡಿಕೊಂಡು ಬಿಡುತ್ತೇನೆ, ಬೈಯಲು ಅನುಕೂಲ.

ಕ್ಯಾಪ್ಟನ್ ರಂಜನಾ. ಕುರ್ಲಾದ ಚಾಳಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಪ್ಪ ಅಮ್ಮ ವಿಜಯಪುರದ ಕಡೆಯವರು. ಇಂಜಿನಿಯರು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇವಳು ನಿಜಕ್ಕೂ ಮಂಗಳಕ್ಕೆ ಹೋಗಬೇಕೆಂದು ಕಾಯುತ್ತಿದ್ದಾಳೆ. ಯಾಕಮ್ಮಾ ಎಂದು ಕೇಳಿದೆ.

"ಸರ್, ನಮ್ಮ ಖೋಲಿಯಲ್ಲಿ ನಾವು ಏಳು ಜನ. ಬಚಪನ್‌ನಿಂದ ನಂಗೆ ಕಾಲು ಚಾಚಿ ಮಲಗೋಕೆ ಆಗಿಲ್ಲ. ಮಾರ್ಸ್ ಪೂರಾ ಖಾಲಿ ಇದೆ ನಾ!"

ಕಾಲು ಚಾಚಲು ಇಷ್ಟು ದೂರ ಹೋಗಬೇಕೆನ್ನುವವಳು ಈಗ ಮಲಗುತ್ತಿರುವುದು ನನ್ನ ತಲೆಯ ಮೇಲಿನ ಹಲಗೆಯಲ್ಲಿ, ಮೊಣಕಾಲು ಮಡಚಿಕೊಂಡು.

ಇನ್ನೊಬ್ಬ ಶಿವಪುತ್ರ. ಇಂಡಿ ತಾಲೂಕಿನವನು, ಪಂಪು ಪೈಪು ನೋಡಿಕೊಳ್ಳುವವನು. ಬಾಯಿ ತೆರೆದುಕೊಂಡೇ ಉಸಿರಾಡುತ್ತಾನೆ. ಇವತ್ತು ಊಟದ ಹೊತ್ತಿಗೆ ಬೆವರುತ್ತಾ ನನ್ನ ಕಿವಿಯಲ್ಲಿ ಹೇಳಿದ: "ಸರ, ನಾ ಮೀನ ತಿನ್ನಂಗಿಲ್ರಿ. ಲಿಂಗ ಕಟ್ಕೊಂಡಾಂವ ಅದೀನಿ. ಸಂದೀಪ ಸರ್ ಮುಂದ ಹೇಳಬ್ಯಾಡ್ರಿ, ಕೆಲಸಾ ಹೋಗ್ತದ."

ಮೀನು ತಿಂದು ಬದುಕಬೇಕಾದ ಗ್ರಹಕ್ಕೆ ಲಿಂಗಾಯತನನ್ನು ಕಳಿಸಿದ್ದಾರೆ. ಇವರು ಮಂಗಳ ಮುಟ್ಟಿದ ಹಾಗೇ.

ಇನ್ನು ಮೀನು. ತಿಲಾಪಿಯಾ. ಇದನ್ನು ಯಾರಾದರೂ ಮೀನು ಎಂದು ಕರೆದರೆ ಅಮ್ಮ ಬುಟ್ಟಿ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಸಾಕಿದ ಮೀನು, ಕೆಸರಿನ ವಾಸನೆ. ಒಂದರ ಮೇಲೊಂದು ಟ್ಯಾಂಕು, ಒಳಗೆ ನೀರಿಗಿಂತ ಮೀನೇ ಹೆಚ್ಚು. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಆಫೀಸು ಬಿಡುವ ಹೊತ್ತಿನಲ್ಲಿ ಇರುವಷ್ಟು ಜಾಗ. ರಂಜನಾ ಮೂರನ್ನು ಬಲೆಯಲ್ಲಿ ಎತ್ತಿ ಐಸು ನೀರಿನ ತೊಟ್ಟಿಗೆ ಹಾಕಿ ಮುಚ್ಚಿದಳು. ಹಾಗೆ ಮಾಡಿದರೆ ನಿದ್ದೆ ಹೋದ ಹಾಗೆ ಸಾಯುತ್ತವೆ ಎಂದು ಕೈಪಿಡಿ ಹೇಳುತ್ತದೆ. ಮುಚ್ಚಳ ಬಹಳ ಹೊತ್ತು ಬಡಿದುಕೊಳ್ಳುತ್ತಿತ್ತು. ಪಕ್ಕದ ಚಪ್ಪಲಿ ಕಾರ್ಖಾನೆಯ ಸದ್ದೂ ಇರಬಹುದು.

ಹಸಿವಾಗಿತ್ತು, ಎರಡು ತುಂಡು ತಿಂದೆ. ಹೇಳಿದ ಹಾಗೇ, ಕೆಸರು.

ಜುಲೈ 6, ಭಾನುವಾರ

ರಿಪೋರ್ಟಿನಲ್ಲಿ 'ಮೀನು' ಎಂದು ಬರೆದದ್ದಕ್ಕೆ ಕ್ಯಾಪ್ಟನ್ ತಕರಾರು.

"ಸರ್, ಪ್ಲೀಸ್ ಯಾರ್, 'ಸ್ಟಾಕ್' ಅಂತ ಬರೆಯಿರಿ. ಫಿಶ್ ಅಂದ್ರೆ ಲೋಗ್ ಇಮೋಷನಲ್ ಆಗ್ತಾರೆ."

ಇದನ್ನು ನೋಡಿ ಯಾರಿಗೆ ಏನು ಉಕ್ಕಿ ಬರುತ್ತದೆಯೋ ದೇವರೇ ಬಲ್ಲ. ನಾವು ತಲೆತಲಾಂತರದಿಂದ ಮೀನು ತಿಂದವರು. ನನಗೆ ಬೇಕಾದದ್ದು ಬಂಗುಡೆ, ಕಾಣೆ, ಒಳ್ಳೆಯ ಹಸಿ ಮೀನು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ದೋಣಿ ಮತ್ತೆ ಕಡಲಿಗೆ ಇಳಿಯುವವರೆಗೆ ಇಡೀ ಮುಂಬಯಿಗೆ ಅದು ಇಲ್ಲ, ನನಗೂ ಇಲ್ಲ.

'ಸ್ಟಾಕ್' ಎಂದು ಬರೆದೆ. ನನ್ನ ಗಂಟೇನು ಹೋಗುತ್ತದೆ.

ಜುಲೈ 9, ಬುಧವಾರ

ಇವುಗಳಿಗೆ ಸಂಸ್ಕಾರವೇ ಇಲ್ಲ. ಜಾಗ ಸಾಲದೆ ಒಂದರ ಬಾಲವನ್ನೊಂದು ಕಚ್ಚುತ್ತವೆ. ಕೆಳಗಿನ ಟ್ಯಾಂಕಿನಲ್ಲಿ ಒಂದು ಸಣ್ಣ ಮೀನಿದೆ, ಅದರ ಬಾಲದಿಂದ ಒಂದು ತುಂಡನ್ನು ಯಾವುದೋ ಕಿತ್ತುಕೊಂಡಿದೆ. ಟಿ.ಸಿ. ಪಂಚ್ ಮಾಡಿದ ಟಿಕೇಟಿನ ಹಾಗೆ ಅರ್ಧವೃತ್ತ. ಅದು ನೀರು ಬೀಳುವ ಮೂಲೆಯಲ್ಲಿ ಮೂತಿ ಮೇಲೆ ಮಾಡಿ ನಿಂತೇ ಇರುತ್ತದೆ, ಬೇರೆ ಕೆಲಸ ಇಲ್ಲ. ನಾನು ತಿಂಡಿ ಹಾಕಲು ಹೋದರೆ ಮೊದಲು ಬರುವುದು ಅದೇ, ಆದರೆ ದೊಡ್ಡವು ನುಗ್ಗಿ ತಿಂದು ಮುಗಿಸಿಬಿಡುತ್ತವೆ. ಪೆದ್ದ ಮೀನು.

ಶಿವಪುತ್ರನ ಮೇಲೆ ಕೂಗಾಡಿದೆ. ಅವನ ಉಸಿರಿನ ಸದ್ದು ಸಹಿಸಲಾಗುತ್ತಿಲ್ಲ. ಅವನೂ ಸ್ಟೀಲ್ ತಟ್ಟೆ ಎಸೆದ. ಆಮೇಲೆ ಸಂಡಾಸದ ಬಾಗಿಲಿನ ವಿಷಯಕ್ಕೆ ಅವನಿಗೂ ರಂಜನಾಳಿಗೂ ಆಯಿತು. ಮೂವರಿಗೂ ಎದೆಯ ಮೇಲೆ ನಂಬರ್ ಹಚ್ಚಿದ್ದಾರೆ, ಬೆಳಿಗ್ಗೆ ಕ್ಯಾಮೆರಾದ ಮುಂದೆ ತೂಕ ಮಾಡಿಸುತ್ತಾರೆ. ನಾನು ಸ್ವಲ್ಪ ಇಳಿದಿದ್ದೇನೆ. ದುಬೈಯವರು ಕಾರಣ ಕೇಳಿದರಂತೆ.

ಇವತ್ತು ಮೀನು ತಿನ್ನಲಿಲ್ಲ. ಗ್ಯಾಸು.

ಜುಲೈ 13, ಭಾನುವಾರ

ಟ್ಯಾಂಕುಗಳ ದೀಪ ಆರಿಸುವ ಹಾಗಿಲ್ಲ. ಬೆಳಕು ಸದಾ ಇದ್ದರೆ ಮೀನು ಸದಾ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಆ ಗುಲಾಬಿ ಬೆಳಕು ನನ್ನ ಹಾಸಿಗೆಗೂ ಬೀಳುತ್ತದೆ. ಕಣ್ಣು ಉರಿದು ನಿದ್ದೆಯಿಲ್ಲ. ನನ್ನ ಟವೆಲ್ಲನ್ನು ಕೆಳಗಿನ ಟ್ಯಾಂಕಿನ ದೀಪಕ್ಕೆ ಮುಚ್ಚಿದೆ. ಕಣ್ಣಿಗೆ ಹಾಯೆನಿಸಿತು. ನನ್ನ ಕಣ್ಣಿಗೆ. ಮೀನುಗಳೂ ತಳಕ್ಕೆ ಹೋಗಿ ಸುಮ್ಮನೆ ನಿಂತವು, ಅದು ಬೇರೆ ವಿಷಯ.

ನನ್ನ ಹಾಸಿಗೆಯ ಕಡೆ ಬೀಳುವುದು ಮೇಲಿನ ಟ್ಯಾಂಕಿನ ಬೆಳಕು ಎಂದು ಶಿವಪುತ್ರ ಹೇಳಿದ. ಕೇಳದೆ ಇದ್ದರೂ ಹೇಳುವ ಚಾಳಿ ಅವನಿಗೆ.

ಮೀನು ತಿನ್ನಲಿಲ್ಲ. ರಂಜನಾ ಕರಿದು ಕರಿದು ಚಕ್ಕೆ ಮಾಡುತ್ತಾಳೆ. ಶಿವಪುತ್ರ ಬ್ಯಾಗಿನಲ್ಲಿ ಕದ್ದು ತಂದಿರುವ ಶೇಂಗಾ ಹಿಂಡಿ, ಕಟಕ್ ರೊಟ್ಟಿ ಕೊಟ್ಟ. ಪರವಾಗಿಲ್ಲ.

ಜುಲೈ 16, ಬುಧವಾರ

ಸ್ಪೀಕರಿನಲ್ಲಿ ಸಂದೀಪನಿಗೂ ರಂಜನಾಳಿಗೂ ಆದ ಮಾತು ಕಿವಿಗೆ ಬಿತ್ತು. ಮುಂಬಯಿಯ ಹೊರಗಿನ ತಳೋಜಾದಲ್ಲಿ ಹನ್ನೆರಡು ಅಂತಸ್ತಿನ ಬಿಲ್ಡಿಂಗ್ ಬರುತ್ತದಂತೆ, ನೆಲದಿಂದ ಛಾವಣಿಯವರೆಗೆ ಇದೇ ಟ್ಯಾಂಕು. ದುಬೈಯವರು ದುಡ್ಡು ಹಾಕುವುದು ಅದಕ್ಕೆ. ಮಂಗಳ ಇವರಿಗೆ ಬಾಗಿಲಿಗೆ ಕಟ್ಟಿದ ತೋರಣ ಅಷ್ಟೇ. ಇಷ್ಟು ಇಕ್ಕಟ್ಟಿನಲ್ಲೂ ಮೀನು ಸಾಯುವುದಿಲ್ಲ ಎಂದು ನಾನು ದಿನಾ ಬರೆದುಕೊಡುತ್ತಿರುವುದೇ ಅದರ ತಳಪಾಯ.

ಅವನನ್ನು ಕೇಳಿದೆ. ನಾಚಿಕೆಯೇನೂ ಇಲ್ಲ.

"ಮಾಮ, ಮಾರ್ಸ್ ಅಂದ್ರೆ ವಿಷನ್. ತಳೋಜಾ ಅಂದ್ರೆ ಬಿಸಿನೆಸ್. ಜನ ಬರೀ ಮೀನಿಗೆ ದುಡ್ಡು ಕೊಡುದಿಲ್ಲ ಮಾರಾಯ್ರೆ."

"ಇವಕ್ಕೆ ನಿಲ್ಲಲು ಜಾಗ ಇಲ್ಲವಲ್ಲೋ."

"ನಿಂತ್ಕೊಂಡೇ ಬೆಳೀತಾ ಉಂಟಲ್ಲ? ವೇಯ್ಟ್ ನೋಡಿ ನೀವು."

ತೂಕ ಹೆಚ್ಚಿದರೆ ಸುಖವಾಗಿದೆ ಎಂದು ಲೆಕ್ಕ. ಈ ಲೆಕ್ಕದಲ್ಲಿ ಇಡೀ ಡಬ್ಬಿಯಲ್ಲಿ ದುಃಖಿಯೆಂದರೆ ನಾನೊಬ್ಬನೇ. ಅಳಿಯನನ್ನು ಮೊದಲ ಸಲ ನಿಜವಾಗಿ ತಿರಸ್ಕರಿಸಿದೆ. ಇಷ್ಟು ದಿನ ಅಭ್ಯಾಸಕ್ಕೆ ಮಾಡುತ್ತಿದ್ದೆ.

ಜುಲೈ 18, ಶುಕ್ರವಾರ

ನಿನ್ನೆ ನಮ್ಮ ತುಳುವರ ಆಟಿ ತಿಂಗಳು ಹುಟ್ಟಿತು. ಇವತ್ತು ಸ್ಪೀಕರಿನಲ್ಲಿ ಬೇಬಿಯಕ್ಕ. ನನ್ನ ಅಕ್ಕ, ಸಂದೀಪನ ತಾಯಿ. ಅಮ್ಮ ಕೊನೆಯವರೆಗೂ ಇದ್ದದ್ದು ಅವಳ ಜೊತೆ, ಇಲ್ಲೇ ಕುರ್ಲಾದ ಚಾಳಿನಲ್ಲಿ.

"ಏ ಸದಾ, ಅಮ್ಮನಿಗೆ ಇದು ಮೊದಲ್ನೇ ಆಟಿ. ಅಗೇಲು ಬಡಿಸದೆ ಬಿಡ್ಲಿಕ್ಕಾಗ್ತದಾ? ನೀನೇ ಅಲ್ವಾ ಬಡಿಸ್ಬೇಕಾದವ?"

ಆಟಿ ತಿಂಗಳಲ್ಲಿ ನಮ್ಮವರು ಸತ್ತವರನ್ನು ಊಟಕ್ಕೆ ಕರೆಯುತ್ತಾರೆ. ಅದಕ್ಕೆ ಅಗೇಲು ಎಂದು ಹೆಸರು. ಎಲೆಯಲ್ಲಿ ಅನ್ನ, ಮೀನು, ಕೋಳಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಮನೆಮಂದಿ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಬದುಕಿರುವವರ ಕಣ್ಣೆದುರು ಸತ್ತವರು ಉಣ್ಣುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆರೆದು, ನಾವು ಉಣ್ಣುವುದು. ನಾನು ಇದನ್ನು ನಂಬುವುದಿಲ್ಲ. ಸತ್ತವರ ಜೀರ್ಣಾಂಗಗಳ ಬಗ್ಗೆ ಮೂವತ್ತು ವರ್ಷದ ಪಾಠದಲ್ಲಿ ಒಂದು ಸಾಲೂ ಬಂದಿರಲಿಲ್ಲ. ಆದರೂ ಅಪ್ಪ ಹೋದಾಗಿನಿಂದ ಪ್ರತಿ ಆಟಿಯಲ್ಲೂ ಬಡಿಸಿದ್ದೇನೆ, ಅಮ್ಮನ ಬಾಯಿಗೆ ಹೆದರಿ.

ಆಗದು ಎಂದೆ. ಬೇಬಿಯಕ್ಕ ಅತ್ತಳು. ಸಂದೀಪ ಅವಳ ಕೈಯಿಂದ ಮೈಕು ಕಿತ್ತುಕೊಂಡ. ಅವನ ತಲೆಯಲ್ಲಿ ಆಗಲೇ ದೀಪ ಹೊತ್ತಿತ್ತು.

"ಮಾಮ! ಒಳಗೇ ಮಾಡುವ. ಲೈವ್! ಮಂಗಳ ಗ್ರಹದ ಮೊದಲ ಅಗೇಲು! ದುಬೈಯವರಿಗೆ ಕಲ್ಚರ್ ಅಂದ್ರೆ ಪ್ರಾಣ. ನಮ್ಮದೇ ಟ್ಯಾಂಕಿನ ಮೀನು, ನೀವೇ ಹಿಡೀಬೇಕು, ನೀವೇ ಮಾಡ್ಬೇಕು."

"ಹೊರಗೆ ಹೋಗುವುದು ಹೇಗೆ?"

"ಪರದೆ ಹಾಕುವ. ಪರದೆಯಿಂದ ಆಚೆ ಹೊರಗೆ ಅಂತ ಲೆಕ್ಕ."

ಅಜ್ಜಿಯ ಶ್ರಾದ್ಧವನ್ನೂ ಜಾಹೀರಾತಿಗೆ ಕೊಡುವ ಮೊಮ್ಮಗ. ಅಮ್ಮ ಇದ್ದಿದ್ದರೆ ಕೈಗೆ ಸಿಕ್ಕಿದ್ದರಿಂದ ಬಾರಿಸುತ್ತಿದ್ದಳು.

ಜುಲೈ 21, ಸೋಮವಾರ

ಮಳೆ. ಲೋಕಲ್ ಗಾಡಿಗಳ ಸದ್ದಿಲ್ಲ, ಹಳಿಯ ಮೇಲೆ ನೀರು ಬಂದಿರಬೇಕು. ಮಂಗಳದಲ್ಲಿ ಸೋರುತ್ತಿದೆ. ಸೋರುವ ಜಾಗಕ್ಕೆ ಶಿವಪುತ್ರ ಬಕೆಟ್ಟಿಟ್ಟ.

ಸ್ವಲ್ಪ ಹೊತ್ತು ಕರೆಂಟು ಹೋಗಿ ಗಾಳಿಯ ಪಂಪು ನಿಂತಿತು. ಎಲ್ಲ ಮೀನೂ ಮೇಲೆ ಬಂದು ಬಾಯಿ ತೆರೆದವು. ನೀರು ಕಾಣದೆ ಬರೀ ಬಾಯಿಗಳೇ ಕಂಡವು. ಶಿವಪುತ್ರನೂ ನಾನೂ ಮಗ್ಗಿನಿಂದ ನೀರು ಎತ್ತಿ ಎತ್ತಿ ಹೊಯ್ದೆವು. ಜನರೇಟರ್ ಬಂತು, ಉಳಿದೆವು.

ಆಮೇಲೆ ಮಗ್ಗು ಹಿಡಿದುಕೊಂಡೇ ನೆಲಕ್ಕೆ ಕೂತೆ. ವಯಸ್ಸಾಯಿತು. ಶಿವಪುತ್ರ ಬಾಯಿ ತೆರೆದು ಉಸಿರಾಡುತ್ತಾ ಪಕ್ಕದಲ್ಲೇ ಕೂತಿದ್ದ, ಬೈಯಲು ತ್ರಾಣವಿರಲಿಲ್ಲ.

ಜುಲೈ 24, ಗುರುವಾರ

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ, ಬರೆದು ಮುಗಿಸುತ್ತೇನೆ. ಅಗೇಲಿನಲ್ಲಿ ಸತ್ತವರಿಗೆ ಇಷ್ಟವಾದದ್ದು ಬಡಿಸಬೇಕು. ಅಮ್ಮನಿಗೆ ಏನು ಇಷ್ಟ? ಕೇಳಿದ ತಕ್ಷಣ ಬೇಬಿಯಕ್ಕ ಮೀನು ಎಂದಳು. ಮೀನು ಮಾರುವವಳಿಗೆ ಮೀನಲ್ಲದೆ ಇನ್ನೇನು. ಆದರೆ ಅವಳು ಮೀನು ತಿಂದದ್ದು ನನಗೆ ನೆನಪಿಗೆ ಬರುತ್ತಿಲ್ಲ. ಮಾರ್ಕೆಟ್ಟಿನಿಂದ ಬಂದು, ಮೈಗೆಲ್ಲ ಸಾಬೂನು ತಿಕ್ಕಿ ಸ್ನಾನ ಮಾಡಿ, ಗಂಜಿಗೆ ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಬಾಗಿಲ ಹತ್ತಿರ ಕೂತು ಉಣ್ಣುತ್ತಿದ್ದಳು. ನಮಗೆ ಮೀನು ಬಡಿಸುತ್ತಿದ್ದಳು. ಇಷ್ಟವಿರಲಿಲ್ಲವೋ, ದಿನವಿಡೀ ನೋಡಿ ಸಾಕಾಗಿರುತ್ತಿತ್ತೋ, ಯಾರೂ ಕೇಳಿರಲಿಲ್ಲ.

ಇನ್ನೊಂದು. ಮೀನುಗಾರರ ಕುಲದಲ್ಲಿ ಹುಟ್ಟಿಯೂ ನಾನು ಇಷ್ಟು ವಯಸ್ಸಿಗೆ ಒಂದು ಮೀನನ್ನೂ ಕೊಂದವನಲ್ಲ. ನಮ್ಮ ಮನೆಗೆ ಬಂದದ್ದೆಲ್ಲ ಸತ್ತು ಬಂದ ಮೀನು. ಅದು ಎಲ್ಲಿ ಸತ್ತಿತು, ಹೇಗೆ ಸತ್ತಿತು ಎನ್ನುವುದು ಕಡಲಿನ ವಿಷಯವಾಗಿತ್ತು.

ಬಾಲ ಹರಿದ ಮೀನಿಗೆ ಬೇರೆ ಮೂಲೆಯಲ್ಲಿ ಪ್ರತ್ಯೇಕ ತಿಂಡಿ ಹಾಕುತ್ತಿದ್ದೇನೆ. ಅದು ಸತ್ತರೆ ರಿಪೋರ್ಟಿನಲ್ಲಿ ಬರೆಯಬೇಕಾಗುತ್ತದೆ, ಆ ಕಿರಿಕಿರಿ ಬೇಡವೆಂದು.

ಜುಲೈ 27, ಭಾನುವಾರ

ಬೈಸಿಕೊಂಡು ಸುಸ್ತಾಗಿದೆ. ಆದರೂ ಕ್ರಮವಾಗಿ ಬರೆಯುತ್ತೇನೆ, ನಾಳೆ ಎಲ್ಲರೂ ತಮತಮಗೆ ಬೇಕಾದ ಹಾಗೆ ಹೇಳುತ್ತಾರೆ.

ಸಂಜೆ ಕ್ಯಾಮೆರಾಗಳೆಲ್ಲ ನನ್ನ ಕಡೆ ತಿರುಗಿದವು. ದುಬೈಯವರು ನೋಡುತ್ತಿದ್ದಾರೆ ಎಂದು ಸಂದೀಪ ಸ್ಪೀಕರಿನಲ್ಲಿ ಪಿಸುಗುಟ್ಟಿದ. ನಾನು ಬಲೆ ಹಾಕಿದೆ. ಮೊದಲು ಬಂದದ್ದು ಬಾಲ ಹರಿದದ್ದು. ತಿಂಡಿ ಎಂದುಕೊಂಡಿರಬೇಕು. ಬದುಕುವ ಮೀನಲ್ಲ, ಹೇಗೂ ಸಾಯುತ್ತದೆ, ಇದೇ ಆಗಲಿ ಎಂದು ಐಸಿನ ತೊಟ್ಟಿಗೆ ಹಾಕಿ ಮುಚ್ಚಿದೆ. ಅಂಗೈ ಮುಚ್ಚಳದ ಮೇಲಿತ್ತು. ಒಳಗಿನಿಂದ ಅದು ಬಡಿಯುವುದು ಅಂಗೈಗೆ ಗೊತ್ತಾಗುತ್ತಿತ್ತು. ಚಪ್ಪಲಿ ಕಾರ್ಖಾನೆಗೆ ಇವತ್ತು ರಜೆ.

ಮುಚ್ಚಳ ತೆಗೆದು ಅದನ್ನು ವಾಪಸು ಟ್ಯಾಂಕಿಗೆ ಬಿಟ್ಟೆ. ತೀರಾ ಸಣ್ಣದು, ಬರೀ ಮುಳ್ಳು, ಬಡಿಸಿದರೆ ಅವಮಾನ.

"ಮಾಮ, ಇನ್ನೊಂದು ಹಿಡೀರಿ," ಎಂದ ಸಂದೀಪ. ನಾನು ಬಲೆ ಮೂಲೆಗಿಟ್ಟೆ. ಗಂಜಿ ಬೇಯಿಸಿದ್ದೆ. ಬರುವಾಗ ಬೇಬಿಯಕ್ಕ ಬ್ಯಾಗಿಗೆ ತುರುಕಿದ್ದ ಮಿಡಿ ಉಪ್ಪಿನಕಾಯಿ ಇತ್ತು. ಬಾಳೆಲೆ ಎಲ್ಲಿಂದ ಬರಬೇಕು, ಬೆಳ್ಳಿಹಾಳೆಯ ಮೇಲೆ ಗಂಜಿ ಹೊಯ್ದು, ಮಿಡಿ ಇಟ್ಟು, ಒಂದು ಲೋಟ ನೀರಿಟ್ಟೆ. ಕೈ ಮುಗಿದೆ. ಕ್ಯಾಮೆರಾಕ್ಕಾಗಿ ಅಲ್ಲ. ಕೈ ತಾನೇ ಹೋಯಿತು.

ಆಮೇಲೆ ಎಂದಿನ ಹಾಗೆ ಹಿಂದೆ ತಿರುಗಿ ನೋಡದೆ, "ಬನ್ನಿ, ಹೊರಗೆ ಬನ್ನಿ" ಎಂದು ಮಿಕ್ಕವರನ್ನು ಕರೆದೆ. ನಡೆದೆ. ಚಿಲಕ ತೆಗೆದೆ. ಶಿವಪುತ್ರ ನನ್ನ ಹಿಂದೆ ಬಂದ, ಅವನ ಹಿಂದೆ ಕ್ಯಾಪ್ಟನ್. ಬಾಗಿಲು ಮೆಲ್ಲನೆ ಎಳೆದುಕೊಂಡೆ. ಬರಿಗಾಲಿಗೆ ಒದ್ದೆ ಸಿಮೆಂಟು ತಾಗಿತು. ಮಳೆಯ ಗಾಳಿ ಬಂತು, ಎಣ್ಣೆ, ಚರಂಡಿ, ರಬ್ಬರಿನ ವಾಸನೆ. ಇಷ್ಟು ಒಳ್ಳೆಯ ಗಾಳಿ ನಾನು ಎಂದೂ ಕುಡಿದಿರಲಿಲ್ಲ. ರಂಜನಾ ಎರಡೂ ಕೈ ಚಾಚಿ ನಿಂತಿದ್ದಳು, ಬೆರಳಿಗೆ ಏನೂ ತಾಗುತ್ತಿರಲಿಲ್ಲ.

ಸಂದೀಪ ಹುಚ್ಚನ ಹಾಗೆ ಓಡಿಬಂದ.

"ಮಾಮ! ಎಂತ ಮಾಡಿದ್ರಿ! ಸೂಟ್ ಇಲ್ಲ, ಎಂತದಿಲ್ಲ! ಮಾರ್ಸ್‌ನಲ್ಲಿ ನೀವು ಮೂರು ಜನ ಸತ್ತೇ ಹೋದ್ರಿ! ಮೂರು ದಿವಸ ಇತ್ತು ಮಾಮ, ಬರೀ ಮೂರು ದಿವಸ!"

ಅಲ್ಲಿಯವರೆಗೆ ನನಗೆ ಹೊಳೆದಿರಲೇ ಇಲ್ಲ, ಇದು ಸತ್ಯ. ಪರದೆಯ ಮಾತೇ ನೆನಪಾಗಲಿಲ್ಲ. ಅಗೇಲು ಬಡಿಸಿದವನು ಹೊರಗೆ ಬರುತ್ತಾನೆ, ನಾನೂ ಬಂದೆ. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತು ಬೇರೆ:

"ಮೆಲ್ಲ ಮಾತಾಡೋ. ಒಳಗೆ ಅಮ್ಮ ಉಣ್ತಾ ಇದ್ದಾಳೆ."

ಸಂದೀಪ ಬಾಯಿ ಮುಚ್ಚಿದ. ಕಂಪನಿ ಮುಳುಗಿದರೂ ಅಜ್ಜಿಯ ಊಟಕ್ಕೆ ಅಡ್ಡ ಬರುವ ಧೈರ್ಯ ಅವನಿಗೂ ಇರಲಿಲ್ಲ. ನಾಲ್ವರೂ ಬಾಗಿಲ ಹೊರಗೆ ಗೋಡೆಗೊರಗಿ ನಿಂತೆವು. ಅವನು ಸದ್ದಿಲ್ಲದೆ ಅಳುತ್ತಿದ್ದ. ಚಿಕ್ಕವನಿದ್ದಾಗ ಅಮ್ಮನ ಬುಟ್ಟಿಯ ಪಕ್ಕ ಕೂತು ಅಳುತ್ತಿದ್ದ ಹಾಗೇ. ಪಾಪ ಅನಿಸಿತು. ಅನಿಸಬಾರದಾಗಿತ್ತು, ಆದರೂ ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ ನಾನು ಕೆಮ್ಮಿದೆ, ಬಾಗಿಲು ತೆರೆದೆ. ಗಂಜಿ ಹಾಗೇ ಇತ್ತು. ಮೀನುಗಳು ಗುಲಾಬಿ ಬೆಳಕಿನಲ್ಲಿ ಹಾಗೇ ಇದ್ದವು.

ಜುಲೈ 28, ಸೋಮವಾರ

ಸಾಂತಾಕ್ರೂಜ್. ಸ್ವಂತ ಹಾಸಿಗೆ. ದೀಪ ಆರಿಸಿ ಮಲಗಿದೆ.

ದುಬೈಯವರು ಎದ್ದು ಹೋದರಂತೆ. ತಳೋಜಾ ಸದ್ಯಕ್ಕಿಲ್ಲ. ಸಂದೀಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಾಮ, ನೀವು ಸೈನ್ಸ್ ಟೀಚರ್ ಅಲ್ವಾ?"

ಜುಲೈ 30, ಬುಧವಾರ

ಟ್ಯಾಂಕುಗಳನ್ನು ಖಾಲಿ ಮಾಡಿದರು ಎಂದು ಶಿವಪುತ್ರ ಫೋನ್ ಮಾಡಿದ. ಕರೆಂಟಿನ ಖರ್ಚು ಯಾರು ಕೊಡುತ್ತಾರೆ? ಕಡಲಿನ ಮೀನಿ‌ಲ್ಲದ ದಿನಗಳು, ವ್ಯಾಪಾರಿ ಟೆಂಪೋ ತಂದು ತುಂಬಿಕೊಂಡು ಹೋದನಂತೆ.

"ಸರ, ಹಂಗ ಒಣಾ ಟೆಂಪೋದಾಗ ಸುರುವಿದ್ರಿ. ಐಸ ಸುದ್ದಾ ಇದ್ದಿಲ್ರಿ. ನಾ ನೋಡಾಕ ಆಗದ ಹೊರಗ ಹೋದ್ನಿರಿ."

ಬಾಗಿಲು ತೆರೆದವನು ನಾನು. ಮೂರು ದಿನ ಸುಮ್ಮನೆ ಕೂತಿದ್ದರೆ ಇವು ಇನ್ನೂ ಸ್ವಲ್ಪ ಕಾಲ ಇರುತ್ತಿದ್ದವು, ಅದೇ ಇಕ್ಕಟ್ಟಿನಲ್ಲಿ. ತಳೋಜಾದಲ್ಲಿ ಇವುಗಳ ಸಾವಿರ ಪಟ್ಟು ಬರುತ್ತಿದ್ದವು. ಯಾವುದು ಮೇಲು ಎಂದು ಯಾರಾದರೂ ಲೆಕ್ಕ ಹಾಕಲಿ. ನಾನು ಹಾಕುವುದಿಲ್ಲ.

ಮೀನಲ್ಲವೇ, ತಿನ್ನುವುದಕ್ಕೇ ಇರುವುದು. ಇದನ್ನೇಕೆ ಇಷ್ಟು ಉದ್ದ ಬರೆಯುತ್ತಿದ್ದೇನೋ.

ಆಗಸ್ಟ್ 3, ಭಾನುವಾರ

ಮಂಗಳದ ಅಗೇಲು ಲೆಕ್ಕಕ್ಕಿಲ್ಲ ಎಂದು ಬೇಬಿಯಕ್ಕ ತೀರ್ಪು ಕೊಟ್ಟಿದ್ದಳು. "ಮೀನಿಲ್ಲದ ಅಗೇಲು ಎಂತ ಅಗೇಲು! ಅಮ್ಮ ಹಸ್ಕೊಂಡು ಹೋಗಿದ್ದಾಳೆ." ಆಟಿ ಮುಗಿಯುವುದರೊಳಗೆ ಇನ್ನೊಮ್ಮೆ ಆಗಲೇಬೇಕು. ಇವತ್ತು ಕುರ್ಲಾದ ಅವಳ ಚಾಳಿಗೆ ಹೋದೆ. ಸಂದೀಪ ಮೂಲೆಯಲ್ಲಿ ಮೊಬೈಲು ನೋಡುತ್ತಾ ಕೂತಿದ್ದ.

ಬೇಬಿಯಕ್ಕ ಬಾಳೆಲೆ ಹಾಸಿದ್ದಳು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಹುರಿದ ಮೀನು.

"ಮಾರ್ಕೆಟ್‌ನಲ್ಲಿ ಒಳ್ಳೆ ಮೀನು ಎಲ್ಲುಂಟು ಈಗ? ಆ ಟೆಂಪೋದವ ಸಣ್ಣದನ್ನೆಲ್ಲ ಬೇಡ ಅಂತ ಬಿಟ್ಟು ಹೋಗಿದ್ದನಲ್ಲ, ನಮ್ಮ ಸಂದೀಪ ತಂದು ಫ್ರಿಜ್‌ನಲ್ಲಿಟ್ಟಿದ್ದ. ಅದೇ ಹುರಿದೆ. ನಮ್ಮದೇ ಮೀನಲ್ವಾ."

ಎಲೆಯ ಮೇಲೆ ಎರಡಿದ್ದವು. ಒಂದರ ಬಾಲದಲ್ಲಿ ಅರ್ಧವೃತ್ತ. ಮಸಾಲೆ ಹತ್ತಿ ಕೆಂಪಾಗಿ ಹುರಿದಿದ್ದರೂ ಗುರುತು ಹಾಗೇ ಇತ್ತು.

ಕೈ ಮುಗಿದೆವು. ಬೇಬಿಯಕ್ಕ ಎದ್ದು ಹೋದಳು, ಸಂದೀಪ ಹೋದ. ಬಡಿಸಿದವನು ಕೊನೆಗೆ ಹೊರಡಬೇಕು, ಬಾಗಿಲು ಎಳೆದುಕೊಳ್ಳಬೇಕು. ಖೋಲಿಯಲ್ಲಿ ನಾನೊಬ್ಬನೇ ಇದ್ದೆ. ಬಾಲ ಹರಿದ ಮೀನನ್ನು ಎಲೆಯಿಂದ ಎತ್ತಿ, ಕರ್ಚೀಫಿನಲ್ಲಿ ಸುತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡೆ. ಸತ್ತವರ ಎಲೆಯಿಂದ ಕದ್ದವನು ನಮ್ಮ ಕುಲದಲ್ಲಿ ನಾನೇ ಮೊದಲಿಗನಿರಬೇಕು. ಕೈ ತೊಳೆದು, ಹೊರಗೆ ಬಂದು, ಬಾಗಿಲು ಎಳೆದುಕೊಂಡೆ. ಕೊಡೆ ಎದೆಗೆ ಹಿಡಿದು ಕಾರಿಡಾರಿನಲ್ಲಿ ನಿಂತೆ. ಎದೆಗೆ ಬಿಸಿ ತಾಗುತ್ತಿತ್ತು.

ಕೆಮ್ಮಿ ಬಾಗಿಲು ತೆರೆದಾಗ ಬೇಬಿಯಕ್ಕ ಎಲೆ ನೋಡಿದಳು. ನೆಲಕ್ಕೆ ಕುಸಿದು ಕೂತಳು.

"ಸದಾ! ತಿಂದಿದ್ದಾಳೆ! ಅಮ್ಮ ಬಂದು ತಿಂದಿದ್ದಾಳೆ! ಒಂದು ಮೀನು ಪೂರಾ ಇಲ್ಲ, ನೋಡು!"

ಸಂದೀಪ ಮೊಬೈಲು ಕೆಳಗಿಟ್ಟು ಎಲೆಯನ್ನೂ ನನ್ನನ್ನೂ ನೋಡಿದ. ಅವನ ಕಣ್ಣು ತುಂಬಿತ್ತು. ಮೂವತ್ತು ವರ್ಷ ಮೂಢನಂಬಿಕೆಯ ವಿರುದ್ಧ ಮಕ್ಕಳಿಗೆ ಪಾಠ ಹೇಳಿದವನು ನಾನು. ಬೆಕ್ಕು ಬಂದಿರಬೇಕು ಎನ್ನಬಹುದಿತ್ತು. ಕೊಡೆಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡೆ. ಅಕ್ಕ ಕಣ್ಣೊರೆಸಿಕೊಂಡು ಬಡಿಸಿದಳು. ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡು ಉಂಡೆ. ಮಂಗಳದಿಂದ ಬಂದ ಮೇಲೆ ಹೊಟ್ಟೆ ಸರಿಯಿಲ್ಲ ಎಂದೆ.

ದಾದರ್‌ನಲ್ಲಿ ಗಾಡಿ ಬದಲಿಸಿದೆ. ಮಾಹಿಮ್ ದಾಟಿ ಕಡಲ ಹಿನ್ನೀರಿನ ಸೇತುವೆ ಬಂತು. ಅಲ್ಲಿ ಜನ ದೇವರ ಬಾಡಿದ ಹೂವನ್ನು ಗಾಡಿಯಿಂದಲೇ ನೀರಿಗೆ ಎಸೆಯುತ್ತಾರೆ. ನಾನು ಬಾಗಿಲಲ್ಲಿ ನಿಂತು ಕರ್ಚೀಫು ಬಿಚ್ಚಿ ಕೈ ಬೀಸಿದೆ. ಪಕ್ಕದಲ್ಲಿ ನಿಂತಿದ್ದ ಮರಾಠಿ ಮನುಷ್ಯ ಹೂವೆಂದುಕೊಂಡು ಎದೆ ಮುಟ್ಟಿ ನಮಸ್ಕಾರ ಮಾಡಿದ. ಸಾಕಿದ ಮೀನು, ಸಿಹಿನೀರಿನದು, ಅದರಲ್ಲೂ ಹುರಿದದ್ದು. ಅದಕ್ಕೆ ಕಡಲು ತೋರಿಸಿ ಏನು ಬಂತು? ಶುದ್ಧ ಪೆದ್ದತನ.

ಅಂಗಿಗೆ ಎಣ್ಣೆ ಕಲೆ ಹತ್ತಿದೆ, ಎರಡು ಸಲ ಸಾಬೂನು ಹಾಕಿದರೂ ಹೋಗಲಿಲ್ಲ. ಕೆಳಗಿನ ಹೋಟೆಲಿನ ಅಣ್ಣು ಮೆಟ್ಟಿಲಲ್ಲಿ ಸಿಕ್ಕಿ, ದೋಣಿ ಇಳಿದಿದೆ, ನಾಳೆ ಒಳ್ಳೆಯ ಬಂಗುಡೆ ಬರುತ್ತದೆ, ಎತ್ತಿಡಲೇ ಎಂದು ಕೇಳಿದ. ಬೇಡ, ಈಗಿನ ಬಂಗುಡೆಗೆ ರುಚಿಯಿಲ್ಲ ಎಂದೆ.